ಹೋಹೆನ್‌ಹೈಮ್ ಮನೆ ಬಿಟ್ಟು ಹೋಗಿದ್ದು ತ್ಯಾಗನಾ, ತಪ್ಪಾ?

ಹಾಸನದ ಹೈದ
ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್ ಅನ್ನೋ ಜಪಾನಿ ಅನಿಮೆ (ಕಾರ್ಟೂನ್ ಸರಣಿ) 64 ಕಂತೂ ನೋಡಿ ಮುಗಿಸಿದವರು ಮಾತ್ರ ಮುಂದೆ ಓದಿ. ಕೊನೆ ತನಕದ ಕಥೆ ಇಲ್ಲಿ ಬಿಚ್ಚಿಡ್ತಿದೀನಿ.

ಹೋಹೆನ್‌ಹೈಮ್ (ಎಡ್, ಆಲ್ ಅಣ್ಣತಮ್ಮಂದಿರ ಅಪ್ಪ) ಅಂದ ಕೂಡಲೇ ಎಲ್ಲರೂ "ಪಾಪ, ಎಂಥಾ ತ್ಯಾಗಿ" ಅಂತ ಶುರು ಮಾಡ್ತೀರಿ. ನನಗೆ ಅದು ಒಪ್ಪಿಗೆ ಇಲ್ಲ. ಎರಡು ಸಣ್ಣ ಮಕ್ಕಳು, ಒಬ್ಬಳು ಹೆಂಡತಿ. ಬೆಳಗ್ಗೆ ಎದ್ದು ಬಾಗಿಲು ತೆಗೆದು ಹೊರಟೇಬಿಟ್ಟ. ಮಕ್ಕಳಿಗೆ ಒಂದು ಮಾತಿಲ್ಲ. ವರ್ಷಗಟ್ಟಲೆ ಸುದ್ದಿ ಇಲ್ಲ. ಊರಿಗೆ ವಾಪಸ್ ಬರೋ ಹೊತ್ತಿಗೆ ಮನೆ ಇದ್ದ ಕಡೆ ಸುಟ್ಟ ಅಡಿಪಾಯ, ಹೆಂಡತಿ ಇದ್ದ ಕಡೆ ಸಮಾಧಿಕಲ್ಲು. ದೇಶ ಉಳಿಸೋಕೆ ಹೋದ ಅಂತೀರಿ, ಸರಿ. ದೇಶ ಉಳಿಸೋನಿಗೆ ಮನೆಗೆ ನಾಲ್ಕು ಸಾಲು ಬರೆಯೋಕೆ ಏನು ಕಷ್ಟ?

ಸತ್ತ ಅಮ್ಮನ್ನ ಆಲ್ಕೆಮಿಯಿಂದ (ಒಂದು ವಸ್ತುವನ್ನ ಇನ್ನೊಂದಾಗಿ ಮಾಡೋ ವಿದ್ಯೆ) ವಾಪಸ್ ತರೋಕೆ ಹೋಗಿ ಎಡ್ ಕಾಲು ಕಳಕೊಂಡಿದ್ದು, ಆಲ್ ಪೂರ್ತಿ ದೇಹ ಕಳಕೊಂಡಿದ್ದು, ಎರಡಕ್ಕೂ ಮೂಲ ಈ ಮನುಷ್ಯನ ಮೌನ. ಒಪ್ಪದವರು ಕಾರಣ ಕೊಟ್ಟು ಮಾತಾಡಿ.

ಯಗಚಿ
ಅಣ್ಣ, ಆ ಬೆಳಗಿನ ದೃಶ್ಯ ಇನ್ನೊಂದ್ಸಲ ನೋಡಿ. 36ನೇ ಕಂತು. ಮಕ್ಕಳಿಬ್ಬರೂ ಮೂತ್ರಕ್ಕೆ ಅಂತ ಎದ್ದು ಬಂದಿರ್ತಾರೆ. ಬಾಗಿಲ ಹತ್ತಿರ ಅಪ್ಪ ತಿರುಗಿ ನೋಡ್ತಾನೆ. ಎಡ್‌ಗೆ ಆ ಮುಖ ಸಿಟ್ಟಿನ ಮುಖ, ತಮ್ಮನ್ನ ಕಂಡ್ರೆ ಆಗದ ಮುಖ. ಅದೇ ಗಳಿಗೆಯನ್ನ ಅಪ್ಪನ ಕಡೆಯಿಂದ ತೋರಿಸಿದಾಗ ಗೊತ್ತಾಗುತ್ತೆ, ಅಳು ತಡಕೊಳ್ಳೋಕೆ ಹಲ್ಲು ಕಚ್ಚಿ ನಿಂತಿದ್ದಾನೆ ಅಂತ. ಇನ್ನೊಂದು ಮಾತು ಆಡಿದ್ರೆ ಕಾಲು ಹೊಸ್ತಿಲು ದಾಟ್ತಾ ಇರ್ಲಿಲ್ಲ.

ಮುಖ ಒಂದೇ. ನೋಡಿದವರು ಇಬ್ಬರು, ಅರ್ಥ ಎರಡು. ಈ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದು.

ಹಾಸನದ ಹೈದ
ಯಗಚಿ, ಅವನಿಗೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳ್ಲೇ ಇಲ್ಲ. ಪ್ರೀತಿ ಇದ್ದೂ ಹೇಳದೆ ಹೋದ ಅನ್ನೋದೇ ನನ್ನ ದೂರು.

ಅರಸೀಕೆರೆ ಜಂಕ್ಷನ್
ಅವನ ಮೈ ಕೊಳೀತಾ ಇತ್ತಲ್ವಾ? ಅದನ್ನ ಹೆಂಡತಿಗೆ ತೋರಿಸಬಾರದು ಅಂತ ಹೋದ. ಇದನ್ನ ಯಾಕೆ ಯಾರೂ ಹೇಳ್ತಿಲ್ಲ?

ಎಡಕುಮೇರಿ 26
ಅದು ಈ ಸರಣಿ ಅಲ್ಲ ಗುರು. ನೀನು ಹೇಳ್ತಿರೋದು 2003ರದ್ದು, 51 ಕಂತಿನದು. ಅದರಲ್ಲಿ ಹೋಹೆನ್‌ಹೈಮ್ ಫಿಲಾಸಫರ್ಸ್ ಸ್ಟೋನ್ ಅನ್ನೋ ಮಾಂತ್ರಿಕ ಕಲ್ಲಿನ ಬಲದಿಂದ ಒಂದು ದೇಹದಿಂದ ಇನ್ನೊಂದಕ್ಕೆ ಹಾರ್ತಾ ಬದುಕಿದವನು. ಪ್ರತಿಸಲ ಹಾರಿದಾಗ ಆತ್ಮ ಸವೆದು ಮೈ ಕೊಳೆಯೋಕೆ ಶುರು. ಅಲ್ಲಿ ಡಾಂಟೆ ಅಂತ ಇನ್ನೊಬ್ಬಳು ಇದ್ದಾಳೆ. ಬ್ರದರ್‌ಹುಡ್‌ನಲ್ಲಿ ಡಾಂಟೆನೂ ಇಲ್ಲ, ಕೊಳೆಯೋದೂ ಇಲ್ಲ. ಇಲ್ಲಿ ಅವನ ಕಷ್ಟ ಪೂರ್ತಿ ಉಲ್ಟಾ: ಮೈಗೆ ವಯಸ್ಸೇ ಆಗಲ್ಲ.

ಎರಡು ಯಾಕೆ ಬೇರೆ ಅಂದ್ರೆ, ಹಿರೋಮು ಅರಕಾವಾ ಅವರ ಮಾಂಗಾ (ಮೂಲ ಚಿತ್ರಕಥೆ ಪುಸ್ತಕ) 2001ರಲ್ಲಿ ಶುರುವಾಗಿ 2010ರಲ್ಲಿ ಮುಗೀತು, 27 ಸಂಪುಟ. 2003ರಲ್ಲಿ ಮೊದಲ ಅನಿಮೆ ಮಾಡುವಾಗ ಮಾಂಗಾ ಅರ್ಧ ದಾರಿಯಲ್ಲೂ ಇರಲಿಲ್ಲ. ಹಾಗಾಗಿ ಬೋನ್ಸ್ ಸ್ಟುಡಿಯೋದವರು ತಮ್ಮದೇ ಕೊನೆ ಕಟ್ಟಿದ್ರು. 2009ರಲ್ಲಿ ಅದೇ ಸ್ಟುಡಿಯೋ ಮಾಂಗಾ ಹಾದಿ ಹಿಡಿದು ಮತ್ತೆ ಮೊದಲಿಂದ ಮಾಡ್ತು, ಅದೇ ಬ್ರದರ್‌ಹುಡ್. ಪಾತ್ರದ ಉದ್ದೇಶ ಮಾತಾಡುವಾಗ ಎರಡನ್ನೂ ಕಲಸಬಾರದು.

ಅರಸೀಕೆರೆ ಜಂಕ್ಷನ್
ಸರಿ ಸರಿ, ತಿದ್ದಿಕೊಂಡೆ.

ಮೆಣಸಿನ ಬಳ್ಳಿ
ನಾನು ಹೈದನ ಕಡೆ. ಆದ್ರೆ ನನ್ನ ಕಾರಣ ಬೇರೆ. ಮೌನಕ್ಕಿಂತ ದೊಡ್ಡ ತಪ್ಪು ಅವನ ಓದೋ ಕೋಣೆ.

ಆ ಕೋಣೆ ತುಂಬ ಆಲ್ಕೆಮಿ ಪುಸ್ತಕ, ಬೀಗ ಇಲ್ಲ. ಮಕ್ಕಳು ಅಕ್ಷರ ಕೂಡಿಸೋಕೆ ಕಲಿತಿದ್ದೇ ತಡ, ಅದರಲ್ಲೇ ಬಿದ್ದಿದ್ರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಲ್ಕೆಮಿಯ ವೃತ್ತ ಬರೆದು ಗೊಂಬೆ ಮಾಡಿದಾಗ ಅಮ್ಮ ಏನಂದ್ಲು? "ಥೇಟ್ ನಿಮ್ಮಪ್ಪನ ಹಾಗೇ" ಅಂದು ನಕ್ಕಳು. ಆ ನಗು ಸಿಗುತ್ತೆ ಅಂತ ಮಕ್ಕಳು ಇನ್ನೂ ಓದಿದ್ರು. ತೋಟದ ಮನೆಗಳಲ್ಲಿ ಔಷಧಿ ಡಬ್ಬಿ ಎಲ್ಲಿಡ್ತಾರೆ? ಸ್ಟೋರ್ ರೂಮಲ್ಲಿ, ಮೇಲಿನ ಹಲಗೆ ಮೇಲೆ, ಬೀಗ ಹಾಕಿ. ಹೋಹೆನ್‌ಹೈಮ್ ಡಬ್ಬಿಗಳನ್ನ ಜಗುಲಿ ಮೇಲೆ ಸಾಲಾಗಿ ಜೋಡಿಸಿಟ್ಟು ಹೊರಟ.

ಮಕ್ಕಳು ಅಮ್ಮನ್ನ ವಾಪಸ್ ತರೋಕೆ ಕೂಡಿಸಿದ ಪಟ್ಟಿ ನೆನಪಿದೆಯಾ? ನೀರು 35 ಲೀಟರ್, ಇಂಗಾಲ 20 ಕೆಜಿ, ಅಮೋನಿಯಾ 4 ಲೀಟರ್, ಸುಣ್ಣ ಒಂದೂವರೆ ಕೆಜಿ, ರಂಜಕ 800 ಗ್ರಾಂ, ಉಪ್ಪು 250 ಗ್ರಾಂ, ಪೆಟ್ಲುಪ್ಪು 100, ಗಂಧಕ 80, ಫ್ಲೋರಿನ್ ಏಳೂವರೆ ಗ್ರಾಂ, ಕಬ್ಬಿಣ 5, ಸಿಲಿಕಾನ್ 3, ಇನ್ನು 15 ಮೂಲವಸ್ತು ಚಿಟಿಕೆ ಚಿಟಿಕೆ. ಕೂಡಿಸಿದ್ರೆ 60 ಕೆಜಿ ಮೇಲೆ, ಒಬ್ಬ ದೊಡ್ಡ ಮನುಷ್ಯನ ತೂಕ. ತಪ್ಪಿಲ್ಲ. ಮಕ್ಕಳ ಕೈಗಾಸಲ್ಲಿ ಸಂತೇಲಿ ಸಿಗೋ ಸಾಮಾನು ಅಂತ ಎಡ್ ಆಮೇಲೆ ಹೇಳ್ತಾನೆ. ಸಾಮಾನು ಸರಿ ಇದ್ದ ಮಾತ್ರಕ್ಕೆ ಕೆಲಸ ಸರಿ ಆಗಲ್ಲ ಅಂತ ಹೇಳಿಕೊಡೋ ಒಬ್ಬ ದೊಡ್ಡವನು ಆ ಮನೇಲಿ ಇರಬೇಕಿತ್ತು.

ತೋಟಕ್ಕೆ ಬೋರ್ಡೋ (ಶಿಲೀಂಧ್ರ ರೋಗದ ಮದ್ದು) ಹೊಡೆಸಿದವರಿಗೆ ಇದು ಗೊತ್ತು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಅಷ್ಟೇ. ಆದ್ರೆ ತುತ್ತದ ನೀರನ್ನ ಸುಣ್ಣದ ತಿಳಿಗೆ ಸುರಿಯೋ ಬದಲು ಸುಣ್ಣವನ್ನ ತುತ್ತಕ್ಕೆ ಸುರಿದ್ರೆ ಒಡೆದು ತಳ ಕೂರುತ್ತೆ. ಅಳತೆ ಅದೇ, ಮದ್ದು ಹಾಳು.

ರೋಬಸ್ಟಾ ರಾಜ
ವಿಷಯಾಂತರ ಆದ್ರೂ ಹೇಳ್ತೀನಿ. ನೀವು ಹೇಳಿದ್ದು ಶೇ. 1ರ ಲೆಕ್ಕ, ಕೊಳೆರೋಗಕ್ಕೆ. ಕಾಫಿ ಎಲೆತುಕ್ಕಿಗೆ ಅರ್ಧ ಸಾಕು, ಅಂದ್ರೆ 200 ಲೀಟರ್ ಬ್ಯಾರೆಲ್‌ಗೆ ತಲಾ 1 ಕೆಜಿ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಹೊಡೆಯೋ ಮುಂಚೆ ಹೊಳೆಯೋ ಚಾಕು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಕೂತ್ರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ, ಎಲೆ ಸುಡುತ್ತೆ. ಸುಣ್ಣದ ತಿಳಿ ಇನ್ನಷ್ಟು ಹಾಕಿ. ಕಲಸಿದ ದಿನವೇ ಮುಗಿಸಬೇಕು.

ಕೊಟ್ಟಿಗೆಹಾರ
ಚಾಕು ಅದ್ದಿ ನೋಡೋ ಮಾತು ಬಂದದ್ದು ಒಳ್ಳೇದಾಯ್ತು, ನನ್ನ ವಾದ ಅಲ್ಲೇ ಇದೆ. ಎಡ್ ಮಾಡಿದ್ದನ್ನ ಪರೀಕ್ಷೆ ಮಾಡಿ ನೋಡು ಅಂದವನು ಹೋಹೆನ್‌ಹೈಮ್ ಒಬ್ಬನೇ.

20ನೇ ಕಂತು. ಅವನು ಸಮಾಧಿ ಹತ್ತಿರ ನಿಂತಿರ್ತಾನೆ, ಎಡ್ ಬರ್ತಾನೆ, ಜಗಳ ಆಗುತ್ತೆ. ಮನೆ ಸುಟ್ಟಿದ್ದು ಯಾಕೆ ಅಂತ ಕೇಳ್ತಾನೆ. ವಾಪಸ್ ಬರಬಾರದು ಅನ್ನೋ ಪ್ರತಿಜ್ಞೆ ಅಂತ ಎಡ್ ಹೇಳಿದ್ರೆ, ಹಾಸಿಗೆ ಒದ್ದೆ ಮಾಡಿದ ಮಗು ಚಾದರ ಬಚ್ಚಿಟ್ಟ ಹಾಗಾಯ್ತು, ಮಾಡಿದ್ದರ ಗುರುತು ಅಳಿಸೋಕೆ ನೋಡಿದೆ ಅಂತ ಮುಖಕ್ಕೆ ಹೇಳ್ತಾನೆ. ಕ್ರೂರ ಅನ್ಸುತ್ತೆ. ಆದ್ರೆ ನಿಜ. ಎಡ್‌ನ ಗಡಿಯಾರದೊಳಗೆ ಕೆತ್ತಿರೋ "3 ಅಕ್ಟೋಬರ್ 11" ಅನ್ನೋ, ಮನೆ ಸುಟ್ಟ ತಾರೀಖಿನ ಹಿಂದೆ ಏನಿದೆ ಅಂತ ಅಲ್ಲಿವರೆಗೆ ಯಾರೂ ಅಷ್ಟು ನೇರವಾಗಿ ಹೇಳಿರ್ಲಿಲ್ಲ.

ರಾತ್ರಿ ನೆರೆಮನೆ ಅಜ್ಜಿ ಪಿನಾಕೊ ಹತ್ತಿರ ಇನ್ನೊಂದು ಕೇಳ್ತಾನೆ: ಮಕ್ಕಳು ಮಾಡಿದ್ದು ನಿಜವಾಗಿ ಅವರಮ್ಮ ತ್ರಿಷಾನೇ ಆಗಿತ್ತಾ? ಎಡ್‌ಗೆ ಇದು ಕೇಳಿಸುತ್ತೆ. ಆಮೇಲೆ ಮಳೇಲಿ ಪಿನಾಕೊ ಜೊತೆ ಹೋಗಿ ಹೂತಿದ್ದನ್ನ ಅಗೀತಾನೆ. ವಾಂತಿ ಮಾಡ್ಕೊಂಡು ಮಾಡ್ಕೊಂಡು ಅಗೀತಾನೆ. ಸಿಕ್ಕಿದ್ದು ಕಪ್ಪು ಕೂದಲು, ತ್ರಿಷಾದು ಕಂದು. ತೊಡೆಮೂಳೆ ಅವಳ ಎತ್ತರಕ್ಕೆ ಹೊಂದಲ್ಲ, ಉದ್ದ. ಅದು ಅಮ್ಮ ಆಗಿರಲೇ ಇಲ್ಲ.

ಇದರಿಂದ ಎರಡು ಭಾರ ಇಳಿಯಿತು. ಅಮ್ಮನ್ನ ಎರಡನೇ ಸಲ ಕೊಂದೆವು ಅನ್ನೋ ಪಾಪಪ್ರಜ್ಞೆ ಹೋಯ್ತು. ಸತ್ತವರ ಆತ್ಮ ವಾಪಸ್ ಬಂದೇ ಇಲ್ಲ ಅಂದಮೇಲೆ, ಆಲ್ ಸತ್ತಿಲ್ಲ, ಅವನ ದೇಹ ಆಲ್ಕೆಮಿಯ "ಸತ್ಯದ ಬಾಗಿಲು" ಅಂತಾರಲ್ಲ, ಅದರಾಚೆ ಎಲ್ಲೋ ಇದೆ ಅನ್ನೋ ತರ್ಕ ಹುಟ್ಟಿತು. ಸರಣಿಯ ದ್ವಿತೀಯಾರ್ಧ ನಿಂತಿರೋದೇ ಈ ಒಂದು ಪ್ರಶ್ನೆ ಮೇಲೆ. ಕೆಟ್ಟ ಅಪ್ಪ ಅನ್ನಿ, ನಾನು ವಾದಿಸಲ್ಲ. ಆದ್ರೆ ಇದನ್ನ ಲೆಕ್ಕಕ್ಕೆ ಹಿಡೀರಿ.

ಹಾಸನದ ಹೈದ
ಲೆಕ್ಕಕ್ಕೆ ಹಿಡಿದೆ. ಅದಕ್ಕೇ ಸಿಟ್ಟು ಜಾಸ್ತಿ ಆಯ್ತು. "ಸತ್ತವರು ವಾಪಸ್ ಬರಲ್ಲ" ಅನ್ನೋದು ಅವನಿಗೆ ಗೊತ್ತಿತ್ತು. ಆ ಒಂದು ವಾಕ್ಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು ಹೋಗಿದ್ರೆ?

ಸೊಸೆವೂರು
ಬರೆದಿಟ್ಟಿದ್ರೂ ಎಡ್ ಕೇಳ್ತಿರ್ಲಿಲ್ಲ. ಹುಡುಗರಿಗೆ ಆಲ್ಕೆಮಿ ಕಲಿಸಿದ ಗುರು ಇಜುಮಿ ಎದುರಿಗೇ ನಿಂತು ಬೇಡ ಅಂದಿದ್ಲು. ಒಂದು ತಿಂಗಳು ದ್ವೀಪದಲ್ಲಿ ಬಿಟ್ಟು "ಒಂದೇ ಎಲ್ಲ, ಎಲ್ಲವೂ ಒಂದು" ಅನ್ನೋದನ್ನ ಹೊಟ್ಟೆಪಾಡಿನಿಂದ ಕಲಿಸಿದ್ಲು. ಇರುವೆ, ಮೊಲ, ನರಿ, ಹುಲ್ಲು, ಸತ್ತದ್ದು ಮಣ್ಣಾಗಿ ಇನ್ನೊಂದಾಗುತ್ತೆ ಅಂತ ಹುಡುಗರಿಗೆ ಅರ್ಥವೂ ಆಯ್ತು. ಅರ್ಥ ಆದಮೇಲೂ ವೃತ್ತ ಬರೆದ್ರು.

ನಮ್ಮ ಅಂಗಡಿ ಊರಿನ ಸಳನ ಕಥೆಯಲ್ಲಿ ಗುರು "ಹೊಯ್" ಅಂದ, ಶಿಷ್ಯ ಹೊಯ್ದ. ಇಲ್ಲಿ ಗುರು ಬೇಡ ಅಂದ್ಲು, ಶಿಷ್ಯ ಮಾಡಿದ. ಮಾತು ಕೇಳೋದು ಬಿಡೋದು ಹುಡುಗನ ಸ್ವಭಾವ. ಆಟೋಮೇಲ್ ಅನ್ನೋ ಲೋಹದ ಕೃತಕ ಕೈಕಾಲಿಗೆ ಪಳಗೋಕೆ 3 ವರ್ಷ ಬೇಕು ಅಂದ್ರೆ ಒಂದೇ ವರ್ಷದಲ್ಲಿ ಎದ್ದು ನಿಲ್ತೀನಿ ಅಂದವನು ಅವನು.

ಮೆಣಸಿನ ಬಳ್ಳಿ
ಇಜುಮಿ ಉದಾಹರಣೆ ನಿಮಗೇ ತಿರುಗುತ್ತೆ. ತಾನೇ ಸತ್ತ ಕೂಸನ್ನ ತರೋಕೆ ಹೋಗಿ ಒಳಗಿನ ಅಂಗಾಂಗ ಕಳಕೊಂಡೆ ಅಂತ ಅವಳು ಆ ಹುಡುಗರಿಗೆ ಮುಂಚೆ ಹೇಳಿರ್ಲಿಲ್ಲ. ಅವಳೂ ಬೇಡ ಅಂದ್ಲೇ ಹೊರತು ಯಾಕೆ ಬೇಡ ಅನ್ನೋದನ್ನ ಮುಚ್ಚಿಟ್ಲು. ದೊಡ್ಡವರಿಬ್ಬರೂ ಒಂದೇ ತಪ್ಪು ಮಾಡಿದ್ರು. ಬೇಡ ಅನ್ನೋದು ಬೇರೆ, ಸುಟ್ಟ ಕೈ ತೋರಿಸೋದು ಬೇರೆ.

ಸೊಸೆವೂರು
ಹ್ಞಾಂ... ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಒಳ್ಳೆ ಮಾತು.

ಗಿರಿ ಸಂಪಿಗೆ
ಇಷ್ಟು ಹೊತ್ತು ಒಬ್ಬರಾದ್ರೂ ತ್ರಿಷಾ ಆಯ್ಕೆ ಬಗ್ಗೆ ಮಾತಾಡಿದ್ರಾ? "ಬಿಟ್ಟು ಹೋದ, ಬಿಟ್ಟು ಹೋದ" ಅಂತಿದೀರಿ, ಅವಳೇನು ಮೂಲೇಲಿಟ್ಟ ಪಾತ್ರೆನಾ?

ಅವನು ಯಾರು, ಅವನ ಮೈಯೊಳಗೆ ಎಷ್ಟು ಆತ್ಮ ಇವೆ, ಎಲ್ಲ ಅವಳಿಗೆ ಹೇಳಿದ್ದ. ಗುಲಾಮ ನಂಬರ್ 23 ಆಗಿ ಜೆರ್ಕ್ಸೀಸ್‌ನಲ್ಲಿ ಹುಟ್ಟಿ, ಸೀಸೆಯೊಳಗೆ ಆಲ್ಕೆಮಿಯಿಂದ ಹುಟ್ಟಿಸಿದ ಕುಳ್ಳನಿಗೆ ರಕ್ತ ಕೊಟ್ಟು, ಒಂದು ರಾತ್ರಿಯಲ್ಲಿ ಇಡೀ ದೇಶ ಸತ್ತು, ಅರ್ಧ ಜನ ತನ್ನೊಳಗೆ ಸೇರಿಹೋದ ಕಥೆ. 5,36,329 ಜನ. ಅಷ್ಟು ಕೇಳಿಯೂ ಅವಳು ಅವನ ಜೊತೆ ನಿಂತ್ಲು. ಫೋಟೋ ತೆಗೆಸೋಣ ಅಂತ ಎಳೆದವಳು ಅವಳು. ನನ್ನ ಜೊತೆ ಮುದುಕ ಆಗಿ ಸಾಯೋ ದಾರಿ ಹುಡುಕಿಕೊಂಡು ಬರ್ತೀನಿ ಅಂದಾಗ, ಕಾಯ್ತೀನಿ ಅಂತ ಮಾತು ಕೊಟ್ಟವಳೂ ಅವಳೇ. ಸಾಯುವಾಗ ಎಡ್ ಹತ್ತಿರ ಹೇಳಿಕಳಿಸಿದ್ದು ಏನು? "ಕೊಟ್ಟ ಮಾತು ಉಳಿಸಿಕೊಳ್ಳೋಕೆ ಆಗಲಿಲ್ಲ, ಮೊದಲೇ ಹೋಗ್ತಿದೀನಿ ಅಂತ ಅಪ್ಪನಿಗೆ ಹೇಳು" ಅಂತ. ಅವನನ್ನ ಬೈಯಲಿಲ್ಲ. ಕ್ಷಮೆ ಕೇಳಿದ್ಲು.

ಅದು ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದ ಕೆಲಸ. ನನ್ನ ಪ್ರಶ್ನೆ ಇರೋದು ತ್ರಿಷಾಗೆ. ಗಂಡ ಹೇಳದ್ದನ್ನ ಅವಳಾದ್ರೂ ಹೇಳಬಹುದಿತ್ತಲ್ಲ. ಅಪ್ಪ ನಿಮ್ಮನ್ನ ಬಿಟ್ಟು ಹೋಗಿಲ್ಲ, ನಮಗೋಸ್ಕರವೇ ಹೋಗಿದ್ದಾರೆ, ಅಷ್ಟು ಸಾಕಿತ್ತು. ಬಾಗಿಲಲ್ಲಿ ಕೂತು ಕಾಯೋ ಅಮ್ಮನ ಬೆನ್ನು ನೋಡ್ತಾ ನೋಡ್ತಾ ಎಡ್‌ಗೆ ಅಪ್ಪನ ಮೇಲೆ ಹಗೆ ಬೆಳೀತು.

ಹಾಸನದ ಹೈದ
ಅಕ್ಕ, ಇದನ್ನ ನಾನು ಯೋಚನೆ ಮಾಡಿರ್ಲಿಲ್ಲ. ಆ ಸಂದೇಶವನ್ನ ಎಡ್ ಎಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಕೊಂಡ ನೋಡಿ. ಅಪ್ಪ ಸಿಕ್ಕಾಗ ಮೊದಲು ಮುಖಕ್ಕೆ ಗುದ್ದಿ, ಕಥೆಯೆಲ್ಲ ಕೇಳಿ, ಆಮೇಲೆ ಕೊಟ್ಟ. ಕೇಳಿ ಆ ಮನುಷ್ಯ ಅತ್ತುಬಿಟ್ಟ. ಮೌನ ಅಪ್ಪನಿಂದ ಮಗನಿಗೂ ಇಳಿದು ಬಂದಿದೆ.

ಎಡಕುಮೇರಿ 26
ಈಗ "ನಾಲ್ಕು ಸಾಲು ಬರೆಯೋಕೆ ಏನು ಕಷ್ಟ" ಅನ್ನೋದಕ್ಕೆ ಬರ್ತೀನಿ. ಅವನು ಹೋಗಿ ಮಾಡಿದ ಕೆಲಸ ಏನು ಅಂತ ನೋಡಬೇಕು. ಕುಳ್ಳ, ಅಂದ್ರೆ "ಫಾದರ್", ಇಡೀ ಅಮೆಸ್ಟ್ರಿಸ್ ದೇಶವನ್ನ ಒಂದು ವೃತ್ತ ಮಾಡಿದ್ದಾನೆ. ಗಡಿಗಡಿಯಲ್ಲಿ ರಕ್ತ ಹರಿಸಿ, ನೆಲದಡಿ ತಾನೇ ಹುಟ್ಟಿಸಿದ ಸ್ಲಾತ್ ಅನ್ನೋ ದೈತ್ಯನ ಕೈಲಿ ಸುರಂಗ ತೋಡಿಸಿ, 5 ಕೋಟಿ ಜನರನ್ನ ಒಂದೇ ಏಟಿಗೆ ನುಂಗೋ ಲೆಕ್ಕ. ಅದನ್ನ ತಡೆಯೋಕೆ ಹೋಹೆನ್‌ಹೈಮ್ ಊರೂರು ನಡೆದು ತನ್ನೊಳಗಿನ ಆತ್ಮಗಳನ್ನ ಲೆಕ್ಕ ಹಾಕಿದ ಜಾಗಗಳಲ್ಲಿ ನೆಲಕ್ಕೆ ಬಿಟ್ಟ. ಆ ಆತ್ಮಗಳ ಜೊತೆ ಒಂದೊಂದಾಗಿ ಮಾತಾಡಿ, ಒಪ್ಪಿಸಿ ಬಿಟ್ಟ. ಬಿಂದುಗಳು ಸಿದ್ಧ. ವೃತ್ತ? ಅದನ್ನ ನೆಲದ ಮೇಲೆ ಬರೆದ್ರೆ ಕುಳ್ಳನಿಗೆ ಕಾಣುತ್ತೆ. ಅದಕ್ಕೇ ಗ್ರಹಣದ ನೆರಳನ್ನೇ ವೃತ್ತ ಮಾಡಿಕೊಂಡ.

ಇಂಥಾ ಗುಟ್ಟು ಕಾಗದದಲ್ಲಿ ಬರೆದು ಮನೆಗೆ ಕಳಿಸ್ತಾರಾ? ಸೈನ್ಯ ಕುಳ್ಳನದು, ಅಂಚೆ ಸರ್ಕಾರದ್ದು, ಅಧ್ಯಕ್ಷ ಬ್ರಾಡ್ಲಿಯೇ ಅವನ ಮಗ. ಗೊತ್ತಾಗಿದ್ರೆ ಮೊದಲು ಒತ್ತೆ ಹಿಡೀತಾ ಇದ್ದದ್ದು ರೆಸೆಂಬೂಲ್‌ನ ಆ ಮನೆಯನ್ನ. ಬಾಲ್ಯದ ಗೆಳತಿ ವಿನ್ರಿ ವಿಷಯದಲ್ಲಿ ಬ್ರಾಡ್ಲಿ ಎಡ್‌ಗೆ ಅದನ್ನೇ ಮಾಡಿ ತೋರಿಸಿದ.

ಅರಸೀಕೆರೆ ಜಂಕ್ಷನ್
ಕುಳ್ಳನ ಕೆಲಸ ತಡೆಯೋ ಆ ಉಲ್ಟಾ ವೃತ್ತ, ಸ್ಕಾರ್ ಅನ್ನೋ ಇಶ್ವಾಲ್ ಯೋಧ ಇದ್ದಾನಲ್ಲ, ಅವನ ಅಣ್ಣ ಬರೆದಿದ್ದಲ್ವಾ?

ಎಡಕುಮೇರಿ 26
ಎರಡು ಬೇರೆ ಬೇರೆ. ಹೋಹೆನ್‌ಹೈಮ್‌ನದು ಜನರ ಆತ್ಮ ವಾಪಸ್ ಅವರವರ ಮೈಗೆ ಸೇರಿಸಿದ್ದು. ಸ್ಕಾರ್‌ನ ಅಣ್ಣನದು ಅದಾದ ಮೇಲೆ, ನೆಲದಡಿ ಕುಳ್ಳ ಇಟ್ಟ ತಡೆಯನ್ನ ಮುರಿದು ಆಲ್ಕೆಮಿಗೆ ಪೂರ್ತಿ ಬಲ ಬರೋ ಹಾಗೆ ಮಾಡಿದ್ದು. ಮೊದಲನೆಯದು ಇಲ್ಲದಿದ್ರೆ ಎರಡನೆಯದಕ್ಕೆ ಜನವೇ ಉಳೀತಿರ್ಲಿಲ್ಲ.

ಕೊಟ್ಟಿಗೆಹಾರ
ಗ್ರಹಣದ ವಿಷಯದಲ್ಲಿ ಒಂದು ಸೂಕ್ಷ್ಮ. ಈ ಉಪಾಯ ಖಗ್ರಾಸ ಗ್ರಹಣದಲ್ಲಿ ಮಾತ್ರ ನಡೆಯುತ್ತೆ. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದ ಕಡೆ ಬಳೆ ಹಾಗೆ ಕಂಡಿತಲ್ಲ, ಅದು ಕಂಕಣ ಗ್ರಹಣ. ಅದರಲ್ಲಿ ಚಂದ್ರನ ದಟ್ಟ ನೆರಳಿನ ಮೊನೆ ನೆಲ ಮುಟ್ಟೋ ಮುಂಚೆಯೇ ಮುಗಿದಿರುತ್ತೆ. ಹಾಸನ, ಚಿಕ್ಕಮಗಳೂರಲ್ಲಂತೂ ಬರೀ ಪಾರ್ಶ್ವ. 1980ರ ಫೆಬ್ರವರಿ 16ರಂದು ಅಂಕೋಲಾ ಕಡೆಯಿಂದ ಉತ್ತರ ಕರ್ನಾಟಕ ದಾಟಿ ಹೋಯ್ತಲ್ಲ, ಆ ಥರದ್ದು ಬೇಕು, ನೆಲದ ಮೇಲೆ ಕಪ್ಪು ಕಲೆ ಬೀಳುವಂಥದ್ದು.

ಆ ಕಲೆ ನಿಲ್ಲಲ್ಲ, ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತೆ. ಒಂದೇ ಜಾಗದಲ್ಲಿ ಪೂರ್ತಿ ಕತ್ತಲೆ ಏಳೂವರೆ ನಿಮಿಷ ದಾಟಲ್ಲ. ಅಂದ್ರೆ ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಸಿಗೋದು ಕೆಲವೇ ನಿಮಿಷ, ಅದೂ ಒಂದೇ ಸಲ. ಒಂದು ಬಿಂದು ತಪ್ಪಿದ್ರೂ ಮತ್ತೆ ಮಾಡೋಕೆ ಇನ್ನೊಂದು ಗ್ರಹಣ ಇಲ್ಲ. ಆ ಅವಸರ ಇಟ್ಕೊಂಡು ನೋಡಿದ್ರೆ ಅವನು ಹೊರಟಿದ್ದರ ಬಗ್ಗೆ ನನಗೆ ತಕರಾರಿಲ್ಲ.

ರೋಬಸ್ಟಾ ರಾಜ
ಅವನ ಹೆಸರಿನ ಬಗ್ಗೆ. ಕುಳ್ಳ ಮೊದಲು ಕೊಡೋಕೆ ಹೋದ ಉದ್ದ ಹೆಸರು ಥಿಯೋಫ್ರಾಸ್ಟಸ್ ಬೊಂಬಾಸ್ಟಸ್. ಅದು ಪ್ಯಾರಾಸೆಲ್ಸಸ್ ಅನ್ನೋ ನಿಜವಾದ ವೈದ್ಯನ ಹೆಸರು, 1493ರಿಂದ 1541. ಎಲ್ಲ ವಸ್ತುವೂ ವಿಷವೇ, ವಿಷ ಅಲ್ಲದ ಹಾಗೆ ಮಾಡೋದು ಪ್ರಮಾಣ ಮಾತ್ರ ಅಂತ ಹೇಳಿದವನು. ಸೀಸೆಯೊಳಗೆ ಕುಳ್ಳನನ್ನ ಬೆಳೆಸೋ ವಿಧಾನ ಅವನ ಹೆಸರಲ್ಲೇ ಪ್ರಚಾರಕ್ಕೆ ಬಂದಿದ್ದು. ಅರಕಾವಾ ಸುಮ್ಮನೆ ಹೆಸರಿಡಲ್ಲ.

ಯಗಚಿ
ಅರಕಾವಾ ಹೊಕ್ಕೈಡೋದ ಹೈನುಗಾರಿಕೆ ಮನೆಯವರು. ಕೊಟ್ಟಿಗೆ ಕೆಲಸ ಮಾಡಿ ಬೆಳೆದವರು. ಏನಾದ್ರೂ ಬೇಕಿದ್ರೆ ಅಷ್ಟೇ ಬೆಲೆಯದ್ದು ಕೊಡಬೇಕು ಅನ್ನೋ ಆಲ್ಕೆಮಿ ನಿಯಮ, ಸಮಾನ ವಿನಿಮಯ ಅನ್ನೋದು ಅವರಿಗೆ ಬರೀ ತತ್ವ ಅಲ್ಲ, ಹುಲ್ಲು ಹಾಕಿದಷ್ಟೇ ಹಾಲು. ಅದಕ್ಕೇ ನಮ್ಮ ಕಡೆಯವರಿಗೆ ಈ ಕಥೆ ಬೇಗ ಹತ್ತುತ್ತೆ ಅನ್ಸುತ್ತೆ. ಗದ್ದೆ ನಾಟಿಗೆ ಮುಯ್ಯಾಳು ಅಂತಾರಲ್ಲ, ನೀವು ಒಂದು ದಿನ ನಮ್ಮ ಗದ್ದೆಗೆ ಬಂದ್ರೆ ನಾವು ಒಂದು ದಿನ ನಿಮ್ಮ ಗದ್ದೆಗೆ. ಎಡ್‌ನ ಮೊದಲಿನ ಲೆಕ್ಕ ಅದೇ, ಒಂದಕ್ಕೆ ಒಂದು.

ಗಿರಿ ಸಂಪಿಗೆ
ಕೊನೆಗೆ ಆ ಲೆಕ್ಕವನ್ನ ಅಣ್ಣತಮ್ಮ ಬಿಡ್ತಾರೆ, ಯಗಚಿ. ಹತ್ತು ತಗೊಂಡ್ರೆ ಅದಕ್ಕೆ ನಮ್ಮದೊಂದು ಸೇರಿಸಿ ಹನ್ನೊಂದು ಮಾಡಿ ಮುಂದಿನವರಿಗೆ ಕೊಡೋಣ ಅಂತ ಆಲ್ ಹೇಳ್ತಾನೆ. ಅದು ಮದುವೆ ಮುಯ್ಯಿ ಲೆಕ್ಕ. ಬಂದಷ್ಟನ್ನೇ ವಾಪಸ್ ಮಾಡಿದ್ರೆ ಸಂಬಂಧ ಚುಕ್ತಾ ಆದ ಹಾಗೆ. ನೂರರ ಮೇಲೆ ಒಂದು ರೂಪಾಯಿ ಇಟ್ಟು ಕೊಡೋದು ಅದಕ್ಕೇ.

ಹೋಹೆನ್‌ಹೈಮ್‌ಗೆ ಈ ಲೆಕ್ಕ ಹೊಳೆದಿದ್ದು ಕೊನೆಯಲ್ಲಿ. ಆಲ್‌ನ ತರೋಕೆ ನನ್ನ ಉಳಿದಿರೋ ಒಂದು ಜೀವ ತಗೋ ಅಂತ ಮಗನ ಮುಂದೆ ನಿಂತ. ಎಡ್ ಬೇಡ ಅಂದ.

ಮೆಣಸಿನ ಬಳ್ಳಿ
ಅಲ್ಲಿ ನನಗೆ ಎಡ್‌ನ ಆಯ್ಕೆ ಸರಿ ಅನ್ನಿಸಿದ್ದು ಯಾಕೆ ಅಂದ್ರೆ, ಅವನು ಬೇರೆಯವರ ಜೀವ ಕೊಡಲಿಲ್ಲ, ತನ್ನ ಬಾಗಿಲನ್ನೇ ಕೊಟ್ಟ. ಅಂದ್ರೆ ಆಲ್ಕೆಮಿಯನ್ನೇ. ಬೀಗ ಇಲ್ಲದ ಆ ಕೋಣೆಯಿಂದ ಶುರುವಾದದ್ದು ಅಲ್ಲಿಗೆ ಮುಗೀತು.

ಹಾಸನದ ಹೈದ
ಸರಿ, ನನ್ನ ಮಾತು ಅರ್ಧ ವಾಪಸ್ ತಗೋತೀನಿ. ಹೋಗಿದ್ದು ತಪ್ಪಲ್ಲ. ಕಾಗದ ಬರೆಯದೆ ಇದ್ದದ್ದಕ್ಕೂ ಎಡಕುಮೇರಿಯವರು ಹೇಳಿದ ಕಾರಣ ಒಪ್ತೀನಿ. ಆದ್ರೆ ಹೊರಡೋ ಮುಂಚೆ ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು "ವಾಪಸ್ ಬರ್ತೀನಿ" ಅನ್ನೋಕೆ ಯಾವ ಸೈನ್ಯವೂ ಅಡ್ಡ ಇರಲಿಲ್ಲ. ಇದನ್ನ ಮಾತ್ರ ಬಿಡಲ್ಲ.

ಯಗಚಿ
ಮುಟ್ಟೋಕೇ ಹೆದರ್ತಿದ್ದ ಅಣ್ಣ ಅವನು. ತಾನು ರಾಕ್ಷಸ, ಮಕ್ಕಳಿಗೆ ಅದು ಅಂಟುತ್ತೆ ಅಂತ ಎತ್ತಿಕೊಳ್ಳೋಕೂ ಹಿಂಜರೀತಿದ್ದ. ತ್ರಿಷಾನೇ ಒತ್ತಾಯ ಮಾಡಿ ಹತ್ತಿರ ಕರೆದದ್ದು.

ಹಾಸನದ ಹೈದ
ಗೊತ್ತು. ಆದ್ರೂ ಬಿಡಲ್ಲ.

ಸೊಸೆವೂರು
ಒಂದು ಭಾಷೆ ಪ್ರಶ್ನೆ. ಆಲ್ ಮೊದಲಿಂದ ಅವನನ್ನ "ತೋಸಾನ್" ಅಂತಾನೆ, ಅಪ್ಪ ಅಂತ. ಎಡ್ ಹೆಸರು ಹಿಡಿದೇ ಕರೆಯೋದು, ಹೋಹೆನ್‌ಹೈಮ್ ಅಂತ. ನಮ್ಮ ಮನೆಗಳಲ್ಲಿ ಅಪ್ಪನ್ನ ಹೆಸರು ಹಿಡಿದು ಕರೆದ್ರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆ ಕೊನೆ ದೃಶ್ಯದಲ್ಲಿ, ಜೀವ ಕೊಡ್ತೀನಿ ಅಂದಾಗ, ಎಡ್ ಸಿಟ್ಟಿನಲ್ಲಿ "ಕುಸೋ ಓಯಾಜಿ" ಅಂತ ಕಿರುಚ್ತಾನೆ. ಅದಕ್ಕೆ ಹೋಹೆನ್‌ಹೈಮ್ ನಕ್ಕು, ಕೊನೆಗೂ ಅಪ್ಪ ಅಂದೆಯಲ್ಲ ಅಂತಾನೆ. ಕನ್ನಡದಲ್ಲಿ ಇದನ್ನ ಹೇಗೆ ಹೇಳ್ತೀರಿ? ಬೈಗುಳವೂ ಉಳೀಬೇಕು, ಅಪ್ಪನೂ ಉಳೀಬೇಕು.

ಗಿರಿ ಸಂಪಿಗೆ
"ಹಾಳಾದ್ ಅಪ್ಪ."

ರೋಬಸ್ಟಾ ರಾಜ
"ದರಿದ್ರದ ಅಪ್ಪಯ್ಯ" ಅಂದ್ರೆ ನಮ್ಮ ಮಲೆನಾಡಿಗೆ ಹತ್ತಿರ.

ಹಾಸನದ ಹೈದ
ಹಾಳಾದ್ ಅಪ್ಪ ಸರಿ ಇದೆ. ಅಪ್ಪಯ್ಯ ಅಂದ್ರೆ ಗೌರವ ಜಾಸ್ತಿ ಆಯ್ತು. ಎಡ್ ಅಷ್ಟು ಕೊಡಲ್ಲ.